ಶಿವನ ಸ್ವಾತಂತ್ರ್ಯವೂ ಕರ್ಮದ ಮೇರೆಯೂ

ಪರಮೇಶ್ವರನು ಸರ್ವಶಕ್ತನೆಂಬುದು ಆಸ್ತಿಕರಾದವರಿಗೆಲ್ಲ ಸಮ್ಮತವಾದ ಮಾತು. ಮಾಡುವುದಕ್ಕೂ, ಮಾಡದೆ ಬಿಡುವುದಕ್ಕೂ, ಬೇರೊಂದು ಪರಿಯಾಗಿ ಮಾಡುವುದಕ್ಕೂ ಆತನು ಸಮರ್ಥನೆಂದು ಭಕ್ತರು ನಿತ್ಯವೂ ಸ್ತುತಿಸುವರು. ಆದರೆ ಸ್ತುತಿಯ ಮಾತನ್ನು ತರ್ಕದ ಒರೆಗಲ್ಲಿಗೆ ತಿಕ್ಕಿದಾಗ ಒಂದು ತೊಡಕು ತೋರಿಬರುತ್ತದೆ. ಜೀವರು ಮಾಡಿದ ಕರ್ಮವನ್ನು ನೋಡಿ ಶಿವನು ಸುಖದುಃಖಗಳನ್ನು ಕೊಡುವನೋ, ನೋಡದೆಯೇ ಕೊಡುವನೋ? ನೋಡಿಯೇ ಕೊಡುವನೆಂದರೆ ಆತನ ಕೈ ಕರ್ಮಕ್ಕೆ ಕಟ್ಟುಬಿದ್ದಂತಾಯಿತು, ಕಟ್ಟುಬಿದ್ದವನು ಸರ್ವಶಕ್ತನೆಂತಾದಾನು? ನೋಡದೆ ಕೊಡುವನೆಂದರೆ, ಒಂದು ಶಿಶುವನ್ನು ಅರಮನೆಯಲ್ಲಿಯೂ ಇನ್ನೊಂದನ್ನು ಹುಟ್ಟುಕುರುಡಾಗಿ ಗುಡಿಸಲಿನಲ್ಲಿಯೂ ಹುಟ್ಟಿಸಿದವನಿಗೆ ಪಕ್ಷಪಾತ, ನಿರ್ದಯತೆ ಎಂಬೆರಡು ದೋಷಗಳು ತಪ್ಪವು. ಎರಡು ತುದಿಗೂ ಕುಣಿಕೆಯುಳ್ಳ ಹಗ್ಗವೆಂದು ಶಾಸ್ತ್ರಕಾರರು ಹೇಳುವುದು ಇಂಥ ತೊಡಕನ್ನೇ.

ಈ ಹಗ್ಗದಲ್ಲಿ ಸಿಕ್ಕಿಕೊಳ್ಳುವವರು ಪಂಡಿತರು ಮಾತ್ರವೇ ಅಲ್ಲ. ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಿಂದ ಆಣವ, ಮಾಯಾ, ಕಾರ್ಮಿಕವೆಂಬ ಮೂರು ಮಲಗಳು ಕಳೆಯುವುವೆಂದು ನಂಬಿ ಗುರುವಿನ ಮುಂದೆ ತಲೆವಾಗಿದ ಪ್ರತಿಯೊಬ್ಬ ಶಿಷ್ಯನಿಗೂ ಇದರ ಸಂಬಂಧವುಂಟು. ಕರ್ಮವನ್ನು ದಾಟಲಾರದ ದೇವನ ಹೆಸರಿನಲ್ಲಿ ಕೊಟ್ಟ ದೀಕ್ಷೆಯು ಕರ್ಮವನ್ನು ಸುಡುವುದೆಂತು?

ತೊಡಕನ್ನು ಅತ್ಯಂತ ಹರಿತವಾಗಿ ಮುಂದಿಟ್ಟವನು 7ನೆಯ ಶತಮಾನದ ಮೀಮಾಂಸಕನಾದ ಕುಮಾರಿಲಭಟ್ಟನು. ಈಶ್ವರನು ಧರ್ಮಾಧರ್ಮಗಳನ್ನು ಅಪೇಕ್ಷಿಸಿ ಸೃಷ್ಟಿಸುವನೆಂದರೆ ಆತನ ಸ್ವಾತಂತ್ರ್ಯವು ಮುರಿದುಬೀಳುವುದೆಂದು ಆತನು ಶ್ಲೋಕವಾರ್ತಿಕದಲ್ಲಿ ವಾದಿಸಿದನು. ಕರ್ಮವೇ ಎಲ್ಲವನ್ನೂ ನಡೆಯಿಸುವುದಾದರೆ ನಡುವೆ ಈಶ್ವರನೇಕೆ ಎಂಬುದು ಈ ವಾದದ ಒಳಮರ್ಮ. ನೈಯಾಯಿಕರು ಸುಮ್ಮನಿರಲಿಲ್ಲ. ಕರ್ಮವು ಜಡ, ಬಡಗಿಯ ಬಾಚಿಯಂತೆ. ಹಿಡಿಯುವ ಕೈಯಿಲ್ಲದೆ ಬಾಚಿಯು ತಾನಾಗಿ ಮರವನ್ನು ಕೆತ್ತದು ಎಂದರು. 10ನೆಯ ಶತಮಾನದ ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯನ್ನು ರಚಿಸಿದ್ದು ಈಶ್ವರನ ಸದ್ಭಾವವನ್ನು ಸ್ಥಾಪಿಸುವುದಕ್ಕಾಗಿಯೇ. ಈ ಉತ್ತರದಿಂದ ಈಶ್ವರನು ಬೇಕೆಂಬುದು ಸಿದ್ಧಿಸಿತು. ಆತನು ಸ್ವತಂತ್ರನೆಂಬುದು ಇನ್ನೂ ಸಿದ್ಧಿಸಲಿಲ್ಲ. ಬಾಚಿಯಿಲ್ಲದೆ ಬಡಗಿಯೂ ಕೆತ್ತಲಾರನಷ್ಟೆ!

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಮೇಲ್ಕಂಡ ಎರಡು ದೋಷಗಳನ್ನೂ ಹೆಸರಿಸಿ, ಕರ್ಮಾಪೇಕ್ಷೆಯಿರುವುದರಿಂದ ಅವು ತಟ್ಟವೆಂದು ಪರಿಹರಿಸಿದೆ. ಶಂಕರಾಚಾರ್ಯರು ಇಲ್ಲಿ ಮಳೆಯ ದೃಷ್ಟಾಂತವನ್ನು ಕೊಟ್ಟಿರುವರು. ಮಳೆಯು ಎಲ್ಲ ಹೊಲಗಳಿಗೂ ಸಮಾನವಾಗಿ ಸುರಿಯುವುದು; ಬತ್ತವೋ ಬಾರ್ಲಿಯೋ ಎಂಬ ಭೇದವು ಬೀಜದಿಂದ ಬರುವುದು. ದೃಷ್ಟಾಂತವು ಸುಂದರವಾಗಿದೆ, ದೇವರ ದಯೆಯನ್ನು ಕಾಪಾಡುತ್ತದೆ. ಆದರೆ ಮಳೆಗೆ ಬೀಜವನ್ನು ಮಾರ್ಪಡಿಸುವ ಶಕ್ತಿಯಿಲ್ಲವೆಂಬುದನ್ನು ಪೂರ್ವಪಕ್ಷಿಯು ಕೂಡಲೇ ಎತ್ತಿ ತೋರಿಸಬಲ್ಲನು.

ಹಗ್ಗದ ಇನ್ನೊಂದು ತುದಿಯನ್ನು ಧೈರ್ಯದಿಂದ ಹಿಡಿದವರು ನಕುಲೀಶ ಪಾಶುಪತರು. ಶಿವನಿಗೆ ಯಾವುದರ ಅಪೇಕ್ಷೆಯೂ ಇಲ್ಲ, ಕರ್ಮದ ಅಪೇಕ್ಷೆಯೂ ಇಲ್ಲ ಎಂಬುದು ಅವರ ಮತ. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ರಚಿತವಾದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹದಲ್ಲಿ ಅವರ ವಾದವು ವಿಸ್ತಾರವಾಗಿ ದೊರೆಯುತ್ತದೆ. (ನಾಲ್ಕು ಬಗೆಯ ಶೈವದರ್ಶನಗಳನ್ನು ಹೇಳಿದ ಆ ಗ್ರಂಥದಲ್ಲಿ ವೀರಶೈವಕ್ಕೊಂದು ಅಧ್ಯಾಯವಿಲ್ಲದಿರುವುದು ವಿಷಾದದ ಸಂಗತಿ.) ಶಿವನು ನಿರಪೇಕ್ಷನಾದರೆ ಕರ್ಮವು ವ್ಯರ್ಥವಾಗುವುದಲ್ಲವೇ, ಕಾರಣವು ಸದಾ ಸಿದ್ಧವಾಗಿರುವುದರಿಂದ ಎಲ್ಲ ಕಾರ್ಯಗಳೂ ಒಂದೇ ಕ್ಷಣದಲ್ಲಿ ಹುಟ್ಟಬೇಕಾಗುವುದಲ್ಲವೇ ಎಂಬ ಎರಡು ಆಕ್ಷೇಪಗಳನ್ನು ಅವರು ತಾವೇ ಎತ್ತಿಕೊಳ್ಳುವರು. ಈಶ್ವರನ ಇಚ್ಛೆಯು ಅನುಗ್ರಹಿಸಿದ ಕರ್ಮವು ಫಲಿಸುವುದು, ಅನುಗ್ರಹಿಸದಿದ್ದುದು ಯಯಾತಿಯ ಕರ್ಮದಂತೆ ಒಮ್ಮೊಮ್ಮೆ ಬರಿದಾಗುವುದು. ಹಾಗೆಂದು ಜನರು ಕರ್ಮವನ್ನು ಬಿಡುವುದಿಲ್ಲ, ಬೆಳೆ ಬರುವುದೋ ಬಾರದೋ ಎಂದು ರೈತನು ಬೇಸಾಯವನ್ನು ಬಿಟ್ಟಿರುವನೇ ಎಂಬುದು ಮೊದಲನೆಯದಕ್ಕೆ ಉತ್ತರ. ಶಿವನ ಕ್ರಿಯಾಶಕ್ತಿಯು ಆತನ ಇಚ್ಛೆಯನ್ನು ಹಿಂಬಾಲಿಸಿ ನಡೆಯುವುದರಿಂದ ಎಲ್ಲವೂ ಒಮ್ಮೆಲೇ ಹುಟ್ಟಬೇಕಾಗಿಲ್ಲವೆಂಬುದು ಎರಡನೆಯದಕ್ಕೆ.

ಈ ಚರ್ಚೆಯು ಕನ್ನಡನಾಡಿಗೆ ಹೊರಗಿನದಲ್ಲ. ಲಾಕುಲಸಿದ್ಧಾಂತವನ್ನು ಅನುಸರಿಸಿದ ಕಾಳಾಮುಖರ ದೊಡ್ಡ ನೆಲೆಗಳಲ್ಲೊಂದು ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದ ಕೋಡಿಯ ಮಠ. ವೇದಗಳು, ವ್ಯಾಕರಣಗಳು, ನ್ಯಾಯವೈಶೇಷಿಕಾದಿ ದರ್ಶನಗಳು, ಲಾಕುಲಸಿದ್ಧಾಂತ, ಯೋಗಶಾಸ್ತ್ರ ಇವೆಲ್ಲಕ್ಕೂ ಆ ಮಠವು ಸ್ಥಾನವಾಗಿತ್ತೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿ ದೊರೆಯುತ್ತಿತ್ತೆಂದೂ 1162ರ ಶಾಸನವು ವರ್ಣಿಸುತ್ತದೆ. ಅದು ಬಸವಣ್ಣನವರು ಕಲ್ಯಾಣದಲ್ಲಿದ್ದ ಕಾಲ. ಬಳ್ಳಿಗಾವೆಯಾದರೋ ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಸಂಪ್ರದಾಯವು ಹೇಳುವ ಊರು. ಶರಣರ ನಾಡಿನಲ್ಲಿ ಶಿವನ ಸ್ವಾತಂತ್ರ್ಯದ ಪ್ರಶ್ನೆಯು ಅವರ ಕಾಲಕ್ಕಾಗಲೇ ಪಾಠಪ್ರವಚನಗಳ ವಿಷಯವಾಗಿತ್ತೆಂದು ತಿಳಿಯುವುದಕ್ಕೆ ಇಷ್ಟು ಸಾಕು.

ಪಾಶುಪತರ ಉತ್ತರದಲ್ಲಿ ಅನುಗ್ರಹಕ್ಕೆ ವಿಶಾಲವಾದ ಸ್ಥಳವಿದೆ. ಹುಟ್ಟುಕುರುಡು ಶಿಶುವಿಗೆ ಉತ್ತರವಿಲ್ಲ. ಆಗಮಾನುಸಾರಿಗಳಾದ ಶೈವರು ಅದನ್ನು ಒಪ್ಪದೆ ಹೋದದ್ದು ಇದಕ್ಕಾಗಿಯೇ. ಅವರು ಕರ್ಮಾಪೇಕ್ಷೆಯನ್ನು ಒಪ್ಪಿಕೊಂಡು, ಸ್ವಾತಂತ್ರ್ಯವೆಂಬ ಶಬ್ದದ ಅರ್ಥವನ್ನೇ ಶೋಧಿಸಿದರು. ಇನ್ನೊಬ್ಬನಿಂದ ಪ್ರೇರಿತನಾಗದೆ, ಸಾಧನಗಳನ್ನು ತಾನೇ ಪ್ರೇರಿಸುವವನು ಸ್ವತಂತ್ರನು. ಏನೂ ಬೇಕಾಗದಿರುವುದು ಸ್ವಾತಂತ್ರ್ಯದ ಲಕ್ಷಣವಲ್ಲ. ಅರಸನು ಒಬ್ಬನಿಗೆ ಮೆಚ್ಚಿ ದಾನಕೊಡುವಾಗ ಭಂಡಾರಿಯ ಕೈಯಿಂದ ಕೊಡಿಸುವನು. ಭಂಡಾರಿಯು ನಡುವೆ ಇದ್ದ ಮಾತ್ರಕ್ಕೆ ಅರಸುತನಕ್ಕೆ ಕುಂದುಂಟೇ? ಕುಮಾರಿಲನ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಸಮಾಧಾನವು ಸಿಕ್ಕಲಾರದು.

ಈ ಸಿದ್ಧಾಂತದ ಬಲವು ಗ್ರಂಥಗಳಿಗಿಂತ ಹೆಚ್ಚಾಗಿ ದೀಕ್ಷಾವಿಧಿಯಲ್ಲಿ ಕಾಣುವುದು. ನಿರ್ವಾಣದೀಕ್ಷೆಯು ಕೂಡಿಟ್ಟ ಸಂಚಿತಕರ್ಮವನ್ನು ಸುಡುವುದೆಂದು ಆಗಮಗಳು ಹೇಳುತ್ತವೆ. ಆದರೆ ಈ ದೇಹವನ್ನು ತಂದ ಪ್ರಾರಬ್ಧವನ್ನು ಬಿಡುವುದು. ಇಲ್ಲಿ ಶಿವನ ಶಕ್ತಿಯು ಸೋತಿತೇ? ಸೋಲಲಿಲ್ಲ. ಪ್ರಾರಬ್ಧವನ್ನೂ ಸುಟ್ಟರೆ ಶಿಷ್ಯನ ದೇಹವು ಆ ಕ್ಷಣದಲ್ಲಿಯೇ ಬೀಳಬೇಕಾಗುವುದು. ಅಂಥ ದೀಕ್ಷೆಯೂ ಆಗಮಗಳಲ್ಲಿ ಉಂಟು. ಸದ್ಯೋನಿರ್ವಾಣವೆಂದು ಅದರ ಹೆಸರು. ಮರಣವು ಸಮೀಪಿಸಿದವರಿಗೆ ಅದು ವಿಹಿತ. ಸುಡಬಲ್ಲದ್ದನ್ನು ಸುಡದೆ ಉಳಿಸುವ ಈ ವಿವೇಕವನ್ನು ಅಶಕ್ತಿಯೆಂದು ಕರೆಯುವವನು, ಮಗುವಿನ ಕೈಯನ್ನು ಮೆಲ್ಲನೆ ಹಿಡಿದ ತಂದೆಯನ್ನು ಬಲಹೀನನೆಂದು ಕರೆದಂತಾಗುವುದು.

ಅನ್ಯದೇಶಗಳ ಈಶ್ವರವಾದಿಗಳೂ ಇದೇ ಸುಳಿಯಲ್ಲಿ ಈಜಿದವರೇ. ಅಲ್ಲಿ ಕರ್ಮಸಿದ್ಧಾಂತವಿಲ್ಲದ ಕಾರಣ ಪ್ರಶ್ನೆಯು ಬೇರೆ ರೂಪವನ್ನು ತಾಳಿತು. ಬೆಂಕಿಯು ಹತ್ತಿಯನ್ನು ಸುಡುವುದು ಬೆಂಕಿಯ ಶಕ್ತಿಯಿಂದಲ್ಲ, ದೇವರ ಇಚ್ಛೆಯಿಂದ ಎಂದು 1095ರಲ್ಲಿ ಮುಗಿದ ತನ್ನ ಖಂಡನಗ್ರಂಥದಲ್ಲಿ ವಾದಿಸಿದ ಇಸ್ಲಾಮಿನ ಪಂಡಿತ ಅಲ್ ಗಜಾಲಿಯೂ, ಒಂದೇ ವಸ್ತುವು ಒಮ್ಮೆಗೇ ಇರುವಂತೆಯೂ ಇಲ್ಲದಂತೆಯೂ ಮಾಡುವುದು ಶಕ್ತಿಗೆ ವಿಷಯವೇ ಅಲ್ಲವೆಂದನು. ಯೂರೋಪಿನಲ್ಲಿ ಸುಮಾರು 1065ರಲ್ಲಿ ಪೀಟರ್ ಡೇಮಿಯನ್ ಎಂಬ ಸನ್ಯಾಸಿಯು, ಆಗಿಹೋದದ್ದನ್ನು ಆಗದಂತೆ ಮಾಡಲು ದೇವರಿಗೆ ಸಾಧ್ಯವೇ ಎಂಬ ಪ್ರಶ್ನೆಯನ್ನು ವಿಚಾರಿಸಿ ಒಂದು ಮಠಾಧಿಪತಿಗೆ ದೀರ್ಘವಾದ ಪತ್ರವನ್ನು ಬರೆದನು. 13ನೆಯ ಶತಮಾನದ ಥಾಮಸ್ ಅಕ್ವಿನಾಸನು, ಸ್ವವಿರುದ್ಧವಾದುದು ವಸ್ತುವೇ ಅಲ್ಲ. ದೇವರು ಅದನ್ನು ಮಾಡಲಾರನೆನ್ನುವುದಕ್ಕಿಂತ ಅದು ಮಾಡಲ್ಪಡಲಾರದೆನ್ನುವುದು ಲೇಸೆಂದು ತೀರ್ಮಾನಿಸಿದನು. ಬಂಜೆಯ ಮಗನನ್ನು ಶಿವನು ಏಕೆ ಸೃಷ್ಟಿಸಲಿಲ್ಲವೆಂದು ಕೇಳುವವನಿಗೆ ನಮ್ಮ ಪಾಠಶಾಲೆಯ ಬಾಲಕನೂ ಇದನ್ನೇ ಹೇಳುವನು.

ತಾನೇ ಎತ್ತಲಾರದಷ್ಟು ಭಾರವಾದ ಬಂಡೆಯನ್ನು ದೇವರು ನಿರ್ಮಿಸಬಲ್ಲನೇ ಎಂಬ ಪ್ರಶ್ನೆಯು ಇವೆಲ್ಲಕ್ಕಿಂತ ಪ್ರಸಿದ್ಧ. 1955ರಲ್ಲಿ ಮ್ಯಾಕಿ ಎಂಬ ತಾರ್ಕಿಕನು, ತಾನು ಆಳಲಾರದ ವಸ್ತುವನ್ನು ಸರ್ವಶಕ್ತನು ಸೃಷ್ಟಿಸಬಲ್ಲನೇ ಎಂದು ಅದನ್ನು ಜೀವರ ಸ್ವಾತಂತ್ರ್ಯಕ್ಕೆ ಜೋಡಿಸಿದನು. 1963ರಲ್ಲಿ ಮಾವ್ರೋಡಿಸನು ಅಕ್ವಿನಾಸನ ದಾರಿಯಲ್ಲಿ ಉತ್ತರಕೊಟ್ಟನು. ಈ ವಾದಗಳೆಲ್ಲ ನಿಪುಣವಾದವು. ಆದರೆ ಬಂಡೆಯೊಂದು ಕಡೆ, ಎತ್ತುವವನೊಂದು ಕಡೆ ಎಂಬ ದ್ವೈತವನ್ನು ಇವು ಮೊದಲೇ ಒಪ್ಪಿಕೊಂಡು ಹೊರಟಿರುತ್ತವೆ.

ವೀರಶೈವ ಸಿದ್ಧಾಂತವು ಹಿಂದೆ ಸರಿದು ಪ್ರಶ್ನಿಸುವುದು ಈ ಎಡೆಯಲ್ಲಿಯೇ. 15ನೆಯ ಶತಮಾನದ ಮಾಯಿದೇವನು ಅನುಭವಸೂತ್ರದಲ್ಲಿ ನಿರೂಪಿಸುವಂತೆ, ಒಂದೇ ಆದ ಸ್ಥಲವು ಸ್ವಶಕ್ತಿಯ ಸ್ಪಂದನದಿಂದ ಲಿಂಗವೆಂದೂ ಅಂಗವೆಂದೂ ಎರಡಾಯಿತು. ಶಕ್ತಿಯೂ ಇಬ್ಬಗೆಯಾಗಿ ಲಿಂಗದಲ್ಲಿ ಕಲೆಯೆಂದೂ ಅಂಗದಲ್ಲಿ ಭಕ್ತಿಯೆಂದೂ ನೆಲೆಗೊಂಡಿತು. ಹಾಗಿದ್ದ ಮೇಲೆ ಜೀವನೆಂಬ ಮೇರೆಯನ್ನು ಶಿವನಿಗೆ ಹೊರಗಿನವರು ಯಾರೂ ಹಾಕಿದ್ದಲ್ಲ. ತನ್ನ ಶಕ್ತಿಯ ಸಂಕೋಚದಿಂದ ತಾನೇ ತಾಳಿದ ಮೇರೆಯದು. ಅದರ ವಿಕಾಸದಿಂದ ಅಳಿಯುವುದೂ ಅದೇ. ಶೈವರ ಅರಸನಿಗೆ ಭಂಡಾರಿಯು ಬೇರೆಯವನು. ಇಲ್ಲಿ ಭಂಡಾರಿಯೂ ಬೇಡುವವನೂ ಆ ಅರಸನ ಶಕ್ತಿಯೇ. ಬ್ರಹ್ಮಾಂಡದಲ್ಲಿ ಅಡಗದವನು ಕರಸ್ಥಲದ ಇಷ್ಟಲಿಂಗವಾಗಿ ಅಡಗಿರುವನೆಂಬುದನ್ನು ವಿರೋಧವೆಂದು ತಾರ್ಕಿಕನು ತಿಳಿದರೆ, ಆತನು ಹಿಡಿಯನ್ನು ಅಳೆದನೇ ಹೊರತು ಹಿಡಿದವನನ್ನು ಅರಿಯಲಿಲ್ಲ.

ಈ ಪ್ರಶ್ನೆಯನ್ನು ಬ್ರಹ್ಮಸೂತ್ರಗಳ ಜಾಡಿನಲ್ಲಿಯೇ ಅಭ್ಯಾಸಮಾಡಲಿಚ್ಛಿಸುವ ಶಿಷ್ಯರಿಗೆ ಶ್ರೀಪತಿ ಪಂಡಿತಾರಾಧ್ಯರ ಶ್ರೀಕರಭಾಷ್ಯವೇ ಮುಖ್ಯ ಆಧಾರ. ಹಯವದನರಾಯರು ಪರಿಷ್ಕರಿಸಿ 1936ರಲ್ಲಿ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದಂದಿನಿಂದ ಅದು ತಾಳೆಗರಿಗಳ ಕಟ್ಟನ್ನು ಬಿಟ್ಟು ಎಲ್ಲರ ಕೈಗೂ ಎಟುಕುವಂತಾಗಿದೆ.