ಕೇಳಿಸ್ತಾ ಇದೆಯಾ?

2020ರ ಯುಗಾದಿ ಮಾರ್ಚ್ 25ಕ್ಕೆ ಬಿತ್ತು. ದೇಶದಲ್ಲಿ ಲಾಕ್‌ಡೌನ್ ಶುರುವಾದ ದಿನವೂ ಅದೇ. ಎರ್ನಾಕುಳಂನಲ್ಲಿ ಒಂದು ಸಣ್ಣ ಹಾಲ್ ಮಾತಾಡಿ ಇಟ್ಟಿದ್ದೆವು. ಅದು ವಾರದ ಹಿಂದೆಯೇ ರದ್ದಾಗಿತ್ತು. ಕೊಚ್ಚಿಯ ಹದಿನೈದಿಪ್ಪತ್ತು ಕನ್ನಡದ ಮನೆಗಳು, ತಿರುವನಂತಪುರದ ಐದಾರು ಮನೆಗಳು, ಇಷ್ಟೇ ನಮ್ಮ ಬಳಗ. ಕಾಕ್ಕನಾಡಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು ಎಂಬ ಒಂದೇ ಕಾರಣಕ್ಕೆ ಹಬ್ಬವನ್ನು ಝೂಮ್‌ನಲ್ಲಿ ನಡೆಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಲಿಂಕ್ ಕಳಿಸಿದರೆ ಸಭೆ ಆಗಿಬಿಡುತ್ತದೆ ಎಂದು ಆಗ ನಾನು ನಂಬಿದ್ದೆ.

ಆ ದಿನ ಓದಬೇಕಾಗಿದ್ದವರು ಒಬ್ಬ ಟೀಚರ್. ಕಾಸರಗೋಡು ಕಡೆಯ ಕನ್ನಡ ಶಾಲೆಯಲ್ಲಿ ಜೀವಮಾನವೆಲ್ಲ ಪಾಠ ಮಾಡಿ, ನಿವೃತ್ತರಾದ ಮೇಲೆ ತಿರುವನಂತಪುರದ ಪಟ್ಟಂನಲ್ಲಿ ಮಗಳ ಮನೆಯಲ್ಲಿದ್ದರು. "ನಮಗೆ ಯುಗಾದಿಗಿಂತ ಬಿಸುವೇ ದೊಡ್ಡದು, ನಾನು ಬಿಸು ಕಣಿಯ ಬಗ್ಗೆ ಬರೆದದ್ದು ಓದ್ತೇನೆ" ಎಂದಿದ್ದರು. ಎರಡು ಪುಟ, ಕೈಬರಹ. ಕನ್ನಡಕ ಸರಿಮಾಡಿಕೊಂಡು, ಹಾಳೆಯನ್ನು ಮುಖದ ಹತ್ತಿರ ಹಿಡಿದು ಓದತೊಡಗಿದರು. ಮೈಕ್ ಬಂದ್ ಆಗಿತ್ತು. ತುಟಿ ಆಡುತ್ತಿದೆ, ದನಿಯಿಲ್ಲ. ಕೆಲವರು ತಮ್ಮ ಫೋನೇ ಕೆಟ್ಟಿದೆ ಅಂದುಕೊಂಡರು. ಕೆಂಪು ಗೆರೆ ನನಗೆ ಕಾಣುತ್ತಿತ್ತು. ಆದರೆ ತಡವಾಗಿ ಬಂದವರಿಗೆ ಪಾಸ್‌ವರ್ಡ್ ಹೇಳುತ್ತ ಕೂತಿದ್ದೆ. ಆಮೇಲೆ, ಹಿರಿಯರು ಓದುವಾಗ ನಡುವೆ ಬಾಯಿ ಹಾಕುವುದು ಹೇಗೆ ಎಂದು ಸುಮ್ಮನಾದೆ. ಅಷ್ಟರಲ್ಲಿ ಬಿಟ್ಟಿ ಲೆಕ್ಕದ ನಲವತ್ತು ನಿಮಿಷ ಮುಗಿದು ಎಲ್ಲರೂ ಹೊರಗೆ ಬಿದ್ದೆವು.

ಸಂಜೆ ಟೀಚರ್ ಫೋನ್ ಮಾಡಿದರು. "ಎಂತ ಮಾರಾಯ, ಕೇಳಿಸಿತಾ? ಸರಿ ಇತ್ತಾ?"

"ಚೆನ್ನಾಗಿತ್ತು ಟೀಚರ್, ತುಂಬಾ ಚೆನ್ನಾಗಿತ್ತು" ಅಂದೆ.

ಆ ಸುಳ್ಳು ತಿಂಗಳುಗಟ್ಟಲೆ ಕಾಡಿತು. ದೂರದವರ ಮುಖವನ್ನು ತೆರೆಯ ಮೇಲೆ ತರುವ ಕೆಲಸ ನನ್ನ ಕಾಲದಲ್ಲಿ ಶುರುವಾದದ್ದಲ್ಲವಲ್ಲ, ಹಿಂದಿನವರು ಇದನ್ನು ಹೇಗೆ ನಿಭಾಯಿಸಿದರು ಎಂದು ಹುಡುಕತೊಡಗಿದ್ದು ಆ ಅಳುಕಿನಿಂದಲೇ. ಹುಡುಕುತ್ತ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಚಿತ್ರವನ್ನು ಆಚೆಗೆ ಕಳಿಸುವುದು ಬಹಳ ಹಿಂದೆಯೇ ಸಾಧ್ಯವಾಗಿತ್ತು. ಆಚೆಯವರ ದನಿ ಈಚೆಗೆ ಬರಲು ದಾರಿ ಮಾಡುವುದೇ ಪ್ರತಿಸಲವೂ ಕೊನೆಗೆ ಉಳಿಯುತ್ತಿದ್ದ ಕೆಲಸ.

ನಮ್ಮದೇ ನಾಡಿನ ಉದಾಹರಣೆ ಸೈಟ್ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದ ಪಾಲಿಗೆ ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳು ಬಂದವು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೊಂದು ಟಿವಿ, ಅದರ ಮುಂದೆ ಊರೆಲ್ಲ. ಒಂದೇ ಚಿತ್ರಕ್ಕೆ ಎರಡು ದನಿಯ ದಾರಿ ಇತ್ತು. ಹಾಗಾಗಿ ಒಂದೇ ದೃಶ್ಯವನ್ನು ಎರಡು ಭಾಷೆಗಳಲ್ಲಿ ಕೇಳಿಸಬಹುದಾಗಿತ್ತು. ಬೇಸಾಯ, ಆರೋಗ್ಯ, ಶಾಲಾಪಾಠ ಎಲ್ಲವೂ ಬಂದವು. ಆದರೆ ಆ ರೈತ ತಿರುಗಿ ಒಂದು ಪ್ರಶ್ನೆ ಕೇಳುವಂತಿರಲಿಲ್ಲ. ವರ್ಷ ಮುಗಿಯಿತು, ಉಪಗ್ರಹವನ್ನು ಅದರ ಒಡೆಯರು ವಾಪಸ್ ಪಡೆದರು.

ಮುಂದಿನ ಹೆಜ್ಜೆ ನನಗೆ ಇನ್ನೂ ಇಷ್ಟ. 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಕರ್ನಾಟಕದ ಗ್ರಾಮ ಪಂಚಾಯತಿಗಳಿಗೆ ಸಾವಿರಾರು ಹೆಂಗಸರು ಗೆದ್ದು ಬಂದರು. ಹೆಚ್ಚಿನವರಿಗೆ ಸಭೆ ಎಂಬುದೇ ಹೊಸದು. ಅಷ್ಟು ಜನರನ್ನು ಒಂದು ಕಡೆ ಕೂಡಿಸಿ ತರಬೇತಿ ಕೊಡುವುದು ಆಗದ ಮಾತು. ಆ ದಶಕದ ನಡುವಿನಲ್ಲಿ ಇಸ್ರೋ ನೆರವಿನಿಂದ ಉಪಗ್ರಹದ ಮೂಲಕ ತರಬೇತಿ ನಡೆಸಿದರು. ಚಿತ್ರ ಒಂದೇ ದಿಕ್ಕಿಗೆ, ದನಿ ಎರಡೂ ದಿಕ್ಕಿಗೆ ಎಂಬ ಏರ್ಪಾಡು. ಸ್ಟುಡಿಯೋದಲ್ಲಿ ತಿಳಿದವರು ಕೂತು ಮಾತಾಡುತ್ತಾರೆ, ಊರೂರಿನ ಕೇಂದ್ರಗಳಲ್ಲಿ ಸದಸ್ಯೆಯರು ನೋಡುತ್ತಾರೆ, ಸಂದೇಹ ಬಂದರೆ ಫೋನಿನಲ್ಲಿ ಕೇಳುತ್ತಾರೆ. ಕೇಳಿದ ದನಿ ಎಲ್ಲ ಕೇಂದ್ರಗಳಲ್ಲೂ ಮೊಳಗುತ್ತದೆ. ಈ ಏರ್ಪಾಡು ನಡೆಯಬೇಕಾದರೆ ಯಂತ್ರ ಸಾಲದು. ಪ್ರತಿ ಕೇಂದ್ರದಲ್ಲೂ ಪ್ರಶ್ನೆಗಳನ್ನು ಕಲೆಹಾಕುವ, ಹಿಂಜರಿಯುವವರ ಕೈಗೆ ಫೋನ್ ಕೊಡುವ ಒಬ್ಬರು ಬೇಕು. ಇಂದು ಸಾವಿರ ಜನರ ವೆಬಿನಾರ್ ಮಾಡಿ, ಕೊನೆಯ ಎರಡು ನಿಮಿಷದಲ್ಲಿ "ಪ್ರಶ್ನೆಗಳಿದ್ದರೆ ಚಾಟ್‌ನಲ್ಲಿ ಹಾಕಿ" ಎನ್ನುವವರನ್ನು ಕಂಡಾಗ ನನಗೆ ಆ ಕೇಂದ್ರಗಳ ನೆನಪಾಗುತ್ತದೆ.

ಈಗ ತಿರುವನಂತಪುರಕ್ಕೆ ಬರೋಣ. 1963ರ ನವೆಂಬರ್ 21ರಂದು ನಮ್ಮ ನೆಲದಿಂದ ಮೊದಲ ರಾಕೆಟ್ ಹಾರಿದ ತುಂಬಾ ಇರುವುದು ಈ ನಗರದ ಅಂಚಿನಲ್ಲೇ. ಅಲ್ಲಿ ಕೆಲಸ ಶುರುಮಾಡಿದ ಯುವ ಎಂಜಿನಿಯರುಗಳಲ್ಲಿ ಒಬ್ಬರು ಅಬ್ದುಲ್ ಕಲಾಂ. ಬರೀ ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಅದನ್ನು ಬಳಸಿದ ಕೇರಳದ ವಿಕ್ಟರ್ಸ್ ಶಿಕ್ಷಣ ಜಾಲವನ್ನು ರಾಷ್ಟ್ರಪತಿಯಾಗಿದ್ದ ಅದೇ ಕಲಾಂ 2005ರ ಜುಲೈ 28ರಂದು ತಿರುವನಂತಪುರದಲ್ಲಿ ಉದ್ಘಾಟಿಸಿದರು. ನಗರದ ಸ್ಟುಡಿಯೋದಲ್ಲಿ ಕೂತ ಅಧ್ಯಾಪಕರಿಗೂ ದೂರದ ಕೇಂದ್ರಗಳಲ್ಲಿ ಕೂತವರಿಗೂ ನೇರ ಮಾತುಕತೆ ಆಗಬೇಕೆಂಬುದು ಆಗಿನ ಆಸೆ. ಎಜುಸ್ಯಾಟ್‌ನ ಕೆಲಸ 2010ರಲ್ಲಿ ಮುಗಿಯಿತು. ಚಾನೆಲ್ ಉಳಿಯಿತು. ಟಿವಿಯಲ್ಲಿ, ಕೇಬಲ್ಲಿನಲ್ಲಿ ನೋಡುವವರಿಗೆ ಅದು ಮತ್ತೆ ಒಂದೇ ದಿಕ್ಕಿನ ದಾರಿ.

ಆ ಚಾನೆಲ್ಲಿನ ದೊಡ್ಡ ದಿನ 2020ರ ಜೂನ್ 1. ಶಾಲೆಗಳು ಮುಚ್ಚಿದ್ದವು, 'ಫಸ್ಟ್ ಬೆಲ್' ಎಂಬ ಹೆಸರಿನಲ್ಲಿ ಪಾಠಗಳು ಟಿವಿಯಲ್ಲೂ ಇಂಟರ್ನೆಟ್ಟಿನಲ್ಲೂ ಶುರುವಾದವು. ವೇಳಾಪಟ್ಟಿ ಮಾಡಿದವರನ್ನು ಮೆಚ್ಚಬೇಕು. ಹನ್ನೆರಡನೇ ತರಗತಿಗೆ ಹೆಚ್ಚು ಹೊತ್ತು, ಒಂದನೇ ತರಗತಿಯ ಮಕ್ಕಳಿಗೆ ಬರೀ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ವಡಗರ ಕಡೆಯ ಒಬ್ಬ ಅಧ್ಯಾಪಕಿ ತಂಗು ಬೆಕ್ಕು, ಮಿಟ್ಟು ಬೆಕ್ಕುಗಳ ಕಥೆ ಹೇಳಿದರು. ಎದುರಿಗೆ ಮಕ್ಕಳಿಲ್ಲ, ಇದ್ದದ್ದು ಕ್ಯಾಮೆರಾ. ಆದರೂ ಪ್ರಶ್ನೆ ಕೇಳಿ, ಉತ್ತರ ಬಂತು ಎಂಬಂತೆ ತಲೆಯಾಡಿಸಿದರು, ಕಣ್ಣರಳಿಸಿದರು. ದೊಡ್ಡವರು ಮೊದಲು ಅಣಕಿಸಿದರು. ಮನೆಮನೆಯ ಪುಟ್ಟ ಮಕ್ಕಳು ಟಿವಿಗೆ ಉತ್ತರ ಕೊಟ್ಟರು. ನಮ್ಮ ಟೀಚರ್ ಆ ಪಾಠ ನೋಡಿ ನನಗೆ ಫೋನ್ ಮಾಡಿದ್ದರು. "ನೋಡಿದೆಯಾ? ಕೇಳಿದ ಮೇಲೆ ಕಾಯ್ತಾಳೆ. ಕಾಯೋದು ಗೊತ್ತಿದ್ದವಳು ಅವಳು." ನಾನು "ಹೌದು ಟೀಚರ್" ಅಂದೆ. ಯುಗಾದಿಯ ವಿಷಯ ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ.

ಅದೇ ಜೂನ್ 1ರಂದು ಮಲಪ್ಪುರಂ ಜಿಲ್ಲೆಯ ಒಂಬತ್ತನೇ ತರಗತಿಯ ದಲಿತ ಹುಡುಗಿಯೊಬ್ಬಳು ಸತ್ತಳು. ಮನೆಯ ಟಿವಿ ಕೆಟ್ಟಿತ್ತು, ಸ್ಮಾರ್ಟ್‌ಫೋನ್ ಇರಲಿಲ್ಲ, ಪಾಠ ತಪ್ಪುತ್ತದೆಂಬ ಚಿಂತೆ ಅವಳನ್ನು ತಿಂದಿತ್ತು ಎಂದು ಮನೆಯವರು ಹೇಳಿದರು. ಟಿವಿಯಾಗಲಿ ಇಂಟರ್ನೆಟ್ಟಾಗಲಿ ಇಲ್ಲದ ಮಕ್ಕಳು ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಂದು ಸರ್ಕಾರದ ಲೆಕ್ಕವೇ ಹೇಳುತ್ತಿತ್ತು. ಆಮೇಲೆ ಓಡಾಟ ಶುರುವಾಯಿತು. ವಾಯನಶಾಲೆಗಳಲ್ಲಿ, ಅಂಗನವಾಡಿಗಳಲ್ಲಿ ಟಿವಿ ಇಟ್ಟು ಮಕ್ಕಳನ್ನು ಕೂರಿಸಿದರು, ಸಂಘಟನೆಗಳು ಹಳೆಯ ಟಿವಿ ಹೊತ್ತು ತಂದವು, ಪಾಠಗಳನ್ನು ಮರುಪ್ರಸಾರ ಮಾಡಿದರು. ಕಾರ್ಯಕ್ರಮ ಶುರುವಾಗುವ ಮೊದಲೇ ಯಾರು ಹೊರಗುಳಿಯುತ್ತಾರೆ ಎಂದು ಹೆಸರು ಹಿಡಿದು ಕೇಳಬೇಕಿತ್ತು. ನನಗೆ ಇದರಲ್ಲಿ ಯಾರನ್ನೂ ದೂರುವ ಹಕ್ಕಿಲ್ಲ. ಇಪ್ಪತ್ತು ಚಿಲ್ಲರೆ ಮನೆಗಳ ಸಭೆಗೇ ನಾನು ಆ ಪ್ರಶ್ನೆ ಕೇಳಿರಲಿಲ್ಲ.

ಕಾಸರಗೋಡಿನ ಕನ್ನಡ ಮಕ್ಕಳ ಕಥೆ ಇನ್ನೊಂದು. ತಿರುವನಂತಪುರದಿಂದ ಐನೂರೈವತ್ತು ಕಿಲೋಮೀಟರಿಗೂ ಆಚೆ, ಪಾಠ ಬರುವುದು ಮಲಯಾಳದಲ್ಲಿ. ಕನ್ನಡ ಮಾಧ್ಯಮದ ಪಾಠಗಳನ್ನು ಕಾಸರಗೋಡಿನ ಅಧ್ಯಾಪಕರೇ ತಯಾರಿಸಿದರು, ಸ್ಥಳೀಯ ಕೇಬಲ್ ಮತ್ತು ಯೂಟ್ಯೂಬ್ ಮೂಲಕ ಅವು ಮನೆ ಸೇರಿದವು. ಪಾಲಕ್ಕಾಡು, ಇಡುಕ್ಕಿಯ ತಮಿಳು ಮಕ್ಕಳಿಗೂ ಹೀಗೇ ತಮಿಳಿನಲ್ಲಿ. ಟೀಚರ್ ಪಟ್ಟಂನ ಮನೆಯಲ್ಲಿ ಕೂತು ಕನ್ನಡದ ಪಾಠಗಳನ್ನೂ ಬಿಡದೆ ನೋಡುತ್ತಿದ್ದರು. ಒತ್ತಕ್ಷರ ತಪ್ಪಿದರೆ ನನಗೆ ಫೋನ್ ಬರುತ್ತಿತ್ತು, ನಾನೇ ಬರೆದವನ ಹಾಗೆ.

ಕೊಚ್ಚಿಯಲ್ಲಿ ಇದೇ ಹೊತ್ತಿಗೆ ಬೇರೊಂದು ಬಗೆಯ ಸಭೆ ತೆರೆಗೆ ಬಂದಿತ್ತು. ಮರೀನ್ ಡ್ರೈವ್ ಹತ್ತಿರದ ಕೇರಳ ಹೈಕೋರ್ಟ್ ಲಾಕ್‌ಡೌನಿನ ಮೊದಲ ದಿನಗಳಲ್ಲೇ ವಿಡಿಯೋದಲ್ಲಿ ವಿಚಾರಣೆ ಶುರುಮಾಡಿತು. ಸಾಕ್ಷಿಯ ಹೇಳಿಕೆಯನ್ನು ವಿಡಿಯೋ ಮೂಲಕ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿತ್ತು, ಆದರೆ ದಿನದ ಕಲಾಪವೆಲ್ಲ ಹಾಗೆ ನಡೆಯುವುದು ಹೊಸದು. ನನ್ನನ್ನು ಹಿಡಿದದ್ದು ಮಾತ್ರ 2021ರ ಸೆಪ್ಟೆಂಬರಿನ ಒಂದು ಮದುವೆಯ ಆದೇಶ. ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರಿಗೆ ಗಂಡು ಹೆಣ್ಣು ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದೆನೆಂದು ಬಾಯಿಬಿಟ್ಟು ಹೇಳಬೇಕು. ಒಬ್ಬರು ಹೊರದೇಶದಲ್ಲಿದ್ದು ಬರಲಾಗದಿದ್ದರೆ? ಆನ್‌ಲೈನಿನಲ್ಲಿ ನಡೆಸಬಹುದು ಎಂದು ಹೈಕೋರ್ಟಿನ ವಿಭಾಗೀಯ ಪೀಠ ಮಧ್ಯಂತರ ಆದೇಶ ಕೊಟ್ಟಿತು, ಷರತ್ತುಗಳ ಜೊತೆ. ತೆರೆಯ ಮೇಲಿರುವವರು ಅವರೇ ಎಂದು ಸಾಕ್ಷಿಗಳು ಗುರುತಿಸಬೇಕು. ಪಾಸ್‌ಪೋರ್ಟಿನಂಥ ದಾಖಲೆ ಮೊದಲೇ ಕೊಟ್ಟಿರಬೇಕು. ದಿನ, ಹೊತ್ತು, ಯಾವ ಆನ್‌ಲೈನ್ ವಿಧಾನ ಎಂಬುದನ್ನು ಅಧಿಕಾರಿ ನಿಗದಿಮಾಡಿ ಮುಂಚಿತವಾಗಿ ತಿಳಿಸಬೇಕು. ವಿಡಿಯೋ ಸಭೆ ನಡೆಸುವುದು ಹೇಗೆ ಎಂದು ನಾನು ಓದಿದ ಕೈಪಿಡಿಗಳಲ್ಲೆಲ್ಲ ಇದಕ್ಕಿಂತ ಚೊಕ್ಕದ್ದು ಸಿಗಲಿಲ್ಲ. ಮೈಕ್ ಬಂದ್ ಇದ್ದರೆ ಅಲ್ಲಿ ಮದುವೆಯೇ ಆಗುವುದಿಲ್ಲ!

ಇನ್ನು ಯಂತ್ರದ ಮಾತು. ಝೂಮ್ ಸಭೆಗಳಲ್ಲಿ ಕೂತವರ ದಿನದ ಲೆಕ್ಕ 2019ರ ಡಿಸೆಂಬರಿನಲ್ಲಿ ಒಂದು ಕೋಟಿ, 2020ರ ಏಪ್ರಿಲಿನಲ್ಲಿ ಮೂವತ್ತು ಕೋಟಿ. ಅದೇ ಏಪ್ರಿಲಿನಲ್ಲಿ ನಮ್ಮ ಗೃಹ ಸಚಿವಾಲಯ ಅದು ಸುರಕ್ಷಿತವಲ್ಲ ಎಂದು ಎಚ್ಚರಿಸಿತು. ಕೇಂದ್ರ ಸರ್ಕಾರ ದೇಶೀ ತಂತ್ರಾಂಶಕ್ಕೆ ಸ್ಪರ್ಧೆ ಕರೆಯಿತು, ಬಹುಮಾನ ಒಂದು ಕೋಟಿ ರೂಪಾಯಿ. ಆಗಸ್ಟಿನಲ್ಲಿ ಗೆದ್ದದ್ದು ಬೆಂಗಳೂರಿನ ದೊಡ್ಡ ಕಂಪನಿಯೇನಲ್ಲ. ಆಲಪ್ಪುಳ ಜಿಲ್ಲೆಯ ಚೇರ್ತಲದ ಇನ್ಫೋಪಾರ್ಕಿನಲ್ಲಿದ್ದ ಟೆಕ್‌ಜೆನ್ಸಿಯಾ, ಅವರ ತಂತ್ರಾಂಶ ವಿಕನ್ಸೋಲ್. ಎರ್ನಾಕುಳಂನಿಂದ ಆಲಪ್ಪುಳ ಮಾರ್ಗವಾಗಿ ತಿರುವನಂತಪುರಕ್ಕೆ ಹೋಗುವ ರೈಲು ಚೇರ್ತಲ ದಾಟಿಯೇ ಹೋಗುತ್ತದೆ.

2021ರ ಜನವರಿಯಲ್ಲಿ ಕೆಲಸದ ಮೇಲೆ ಆ ರೈಲಿನಲ್ಲೇ ಹೋದೆ. ಪಟ್ಟಂನ ಮನೆಯಲ್ಲಿ ಟೀಚರ್ ಕಾಪಿ ಕೊಟ್ಟರು. ಯುಗಾದಿಯ ದಿನ ಅವರ ಓದು ಯಾರಿಗೂ ಕೇಳಿಸಿರಲಿಲ್ಲ ಎಂದು ಹೇಳಿಬಿಟ್ಟೆ. "ಹೋಗಲಿ ಬಿಡು" ಅನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದರು. ಮುಂದಿನ ಎರಡು ಸಭೆಗಳಿಗೆ ಬರಲಿಲ್ಲ, ಫೋನೂ ಇಲ್ಲ.

ಮಾರ್ಚ್ ಕೊನೆಗೆ ಅವರೇ ಕರೆದರು. ಬಿಸುವಿಗೆ ಓದುತ್ತೇನೆ, ಆದರೆ ಮೈಕ್ ಬಂದ್ ಆದರೆ ಮುಖ ನೋಡಿಕೊಂಡು ಕೂರಬಾರದು, ಕೂಗಿ ನಿಲ್ಲಿಸಬೇಕು ಎಂದರು. ನಾವು ಅಷ್ಟರಲ್ಲಿ ಕೆಲವು ರೂಢಿ ಮಾಡಿಕೊಂಡಿದ್ದೆವು. ಅರ್ಧ ಗಂಟೆ ಮೊದಲು ಓದುವವರ ಜೊತೆ ದನಿ ನೋಡುವುದು. ಬಂದ ಪ್ರತಿಯೊಬ್ಬರೂ ಹೆಸರು, ಊರು, ಮಧ್ಯಾಹ್ನದ ಊಟ ಹೇಳುವುದು, ಅದರಿಂದ ಎಲ್ಲರ ಮೈಕೂ ಒಮ್ಮೆ ತೆರೆದಂತಾಗುತ್ತದೆ. ಲಿಂಕ್ ತೆರೆಯಲಾಗದವರನ್ನು ಮಾಮೂಲಿ ಫೋನಿನಲ್ಲಿ ಹಿಡಿದು ಸ್ಪೀಕರಿಗೆ ಹಾಕುವುದು. ಸಭೆ ನಡೆಸುವವನನ್ನು ಬಿಟ್ಟು ಇನ್ನೊಬ್ಬರು ಕಾವಲು. ನಮ್ಮ ಕಾವಲುಗಾರ ತೃಪ್ಪೂಣಿತ್ತುರದ ಏಳನೇ ತರಗತಿಯ ಹುಡುಗ, ಹಿರಿಯರನ್ನು ತಡೆಯಲು ಅವನಿಗೆ ನಮ್ಮಷ್ಟು ಸಂಕೋಚವಿಲ್ಲ.

ಏಪ್ರಿಲ್ 14ರ ಸಂಜೆ ಟೀಚರ್ ಅದೇ ಎರಡು ಪುಟ ಹಿಡಿದು ಕೂತರು. ಉರುಳಿಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಸೌತೆಕಾಯಿ ಇಡುವಲ್ಲಿಗೆ ಬಂದಿದ್ದರು. ಮೊಮ್ಮಗು ಮಡಿಲಿಗೆ ಹತ್ತಿ ಫೋನ್ ಮುಟ್ಟಿತು. ದನಿ ಹೋಯಿತು.

"ಟೀಚರ್, ಮೈಕ್!" ಹುಡುಗ ಕೂಗಿದ. ಕೇಳಿದ್ದು ನಮಗೆಲ್ಲ, ಅವರಿಗೂ.

ಟೀಚರ್ ತಡಕಾಡಿ ಗುಂಡಿ ಒತ್ತಿದರು. "ಎಲ್ಲಿವರೆಗೆ ಕೇಳಿಸಿತು?"

"ಸೌತೆಕಾಯಿವರೆಗೆ" ಎಂದು ನಾಲ್ಕೈದು ಮನೆಗಳಿಂದ ಒಟ್ಟಿಗೆ ಉತ್ತರ ಬಂತು. ಅವರು ಕನ್ನಡಕ ಸರಿಮಾಡಿಕೊಂಡು ಅಲ್ಲಿಂದ ಓದಿದರು.