ಗುಂಡು ಮೊನಚಾದದ್ದು ಹೇಗೆ?



ಮಂಗಳೂರಿನ ಮಣ್ಣಗುಡ್ಡಕ್ಕೆ ಸಮೀಪದ ಬೋಳೂರಿನಲ್ಲಿ, ಗುರುಪುರ ನದಿಯ ದಡದ ಮೇಲೆ, ಕಪ್ಪುಕಲ್ಲಿನ ಸುಲ್ತಾನ್ ಬತ್ತೇರಿಯನ್ನು ನೀವು ನೋಡಿರಬಹುದು. ಶತ್ರುಗಳ ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ತಡೆಯಲು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಗೋಪುರವಿದು. ಅದರ ಗೋಡೆಯ ಕಿಂಡಿಯಿಂದ ಅಂದಿನ ಸಿಪಾಯಿ ಕೋವಿ ಹಾರಿಸಿದ್ದರೆ ಗುಂಡು ಎಷ್ಟು ದೂರ ಗುರಿ ಹಿಡಿಯುತ್ತಿತ್ತು? ಸುಮಾರು ನೂರು ಮೀಟರು, ಅಷ್ಟೇ.

ಕಾರಣ ಸರಳ. ಅಂದಿನ ಗುಂಡು ಸೀಸದ ಉಂಡೆ. ಬೇಗ ತುಂಬಲು ಅನುಕೂಲವಾಗಲೆಂದು ಅದನ್ನು ನಳಿಗೆಗಿಂತ ಚಿಕ್ಕದಾಗಿ ಎರಕ ಹೊಯ್ಯುತ್ತಿದ್ದರು. ಅದು ನಳಿಗೆಯೊಳಗೆ ಅತ್ತಿತ್ತ ಬಡಿದು, ಮನಸ್ಸಿಗೆ ಬಂದತ್ತ ತಿರುಗುತ್ತಾ ಹೊರಬೀಳುತ್ತಿತ್ತು.

ಇದಕ್ಕೆ ಪರಿಹಾರವನ್ನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಆಗಲೇ ಸೂಚಿಸಿದ್ದ. ವೇಗವಾಗಿ ಹೋಗುವ ಗುಂಡಿಗೆ ಗಾಳಿಯ ತಡೆ ಅದರ ತೂಕದ ನೂರು ಪಟ್ಟಿಗೂ ಹೆಚ್ಚು ಎಂದು ಆತ 1742ರ ತನ್ನ ಗ್ರಂಥದಲ್ಲಿ ತೋರಿಸಿದ. ನಳಿಗೆಯೊಳಗೆ ತಿರುಚು ಗೀರುಗಳಿರಲಿ, ಗುಂಡು ಮೊಟ್ಟೆಯಾಕಾರದಲ್ಲಿರಲಿ ಎಂದು 1747ರಲ್ಲಿ ಹೇಳಿದ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಆದರೆ ಗೀರುಗಳಿಗೆ ಬಿಗಿಯಾಗಿ ಕೂರುವ ಗುಂಡನ್ನು ತುಂಬುವುದು ನಿಧಾನದ ಕೆಲಸ. ಅದನ್ನು ನೀಗಿಸಿದವನು ಫ್ರಾನ್ಸಿನ ಮಿನಿಯೆ. 1849ರ ಆತನ ಗುಂಡಿನ ಬುಡ ಟೊಳ್ಳು. ಸಡಿಲವಾಗಿ ಒಳಗಿಳಿಯುವ ಗುಂಡು ಮದ್ದು ಸಿಡಿದೊಡನೆ ಅರಳಿ ಗೀರುಗಳನ್ನು ಕಚ್ಚುತ್ತಿತ್ತು. ಇದೇ ತತ್ತ್ವದ ಎನ್‌ಫೀಲ್ಡ್ ರೈಫಲ್‌ನ ಕೊಬ್ಬು ಸವರಿದ ತೋಟಾಗಳೇ 1857ರ ದಂಗೆಗೆ ಕಿಡಿಯಾದವು. ಅದೇ ವರ್ಷ ನಮ್ಮ ಹಲಗಲಿಯ ಬೇಡರು ಆಯುಧ ಕಸಿಯುವ ಕಾನೂನಿನ ವಿರುದ್ಧ ಸಿಡಿದೆದ್ದರು.

ಮುಂದೆ ನಳಿಗೆ ಕಿರಿದಾಯಿತು. ಬ್ರಿಟಿಷ್ .303 ರೈಫಲ್‌ಗೆ ಮೊದಲು ಸುಮಾರು 14 ಗ್ರಾಂ ತೂಕದ ಮೊಂಡು ಮೂತಿಯ ಗುಂಡಿತ್ತು. 1910ರಲ್ಲಿ ಸುಮಾರು 11 ಗ್ರಾಂನ ಮೊನಚು ಗುಂಡು ಬಂತು. ವೇಗ ಸೆಕೆಂಡಿಗೆ ಸುಮಾರು 630 ಮೀಟರಿನಿಂದ 740 ಮೀಟರಿಗೇರಿತು.

ಹಾಗಾದರೆ ಹಗುರವಾದದ್ದೇ ಮೇಲೆ? ಅಲ್ಲ. ಒಂದೇ ಅಳತೆಯ ನಳಿಗೆಯಲ್ಲಿ ಉದ್ದನೆಯ, ಭಾರವಾದ, ಮೊನಚು ಗುಂಡು ಹಗುರವಾದುದಕ್ಕಿಂತ ನಿಧಾನವಾಗಿ ಹೊರಟರೂ ದೂರದಲ್ಲಿ ತನ್ನ ವೇಗವನ್ನು ಹೆಚ್ಚು ಉಳಿಸಿಕೊಳ್ಳುತ್ತದೆ; ಅಡ್ಡಗಾಳಿಗೆ ಕಡಿಮೆ ವಾಲುತ್ತದೆ. ಆದರೆ ಗುಂಡು ಉದ್ದವಾದಷ್ಟೂ ಗೀರುಗಳ ತಿರುಚು ಬಿಗಿಯಾಗಿರಬೇಕು. ಇಲ್ಲವಾದರೆ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಇಂದು ದೂರದ ಗುರಿಗೆ ಸ್ಪರ್ಧಿಸುವವರು ಗುಂಡನ್ನು ಆರಿಸುವುದೂ ಈ ಲೆಕ್ಕದಲ್ಲೇ.

ನೆನಪಿಡಿ: ಬತ್ತೇರಿ ಏಳುವಾಗ ರಾಬಿನ್ಸ್‌ನ ಉತ್ತರಕ್ಕೆ 37 ವರ್ಷ ತುಂಬಿತ್ತು. ಅದು ಸಿಪಾಯಿಯ ಕೈ ಸೇರಲು ಇನ್ನೂ 65 ವರ್ಷ ಬೇಕಾಯಿತು. ಸಿದ್ಧಾಂತ ಕಾಗದದ ಮೇಲಿದ್ದರೆ ಸಾಲದು; ಅದನ್ನು ಕೈಗೆಟಕಿಸುವ ಕುಶಲಕರ್ಮಿಯೂ ಬೇಕು.