ನೀರುಗಂಟಿಯ ಕೆಲಸಕ್ಕೆ ಈಗ ಕಾಲೇಜು ಓದು



ಹತ್ತನೆಯ ತರಗತಿಯ ಫಲಿತಾಂಶ ಬಂದ ಕೂಡಲೇ ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ಪೋಷಕರು ನಮ್ಮನ್ನು ಕೇಳುವುದು ಒಂದೇ ಮಾತು: "ಮುಂದೇನು ಓದಿಸೋದು ಮೇಷ್ಟ್ರೇ?" ಕಂಪ್ಯೂಟರು, ನರ್ಸಿಂಗು, ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ಕೆಲಸ ಸಿಗುವಂಥ ಐಟಿಐ... ಇಷ್ಟರಲ್ಲೇ ಮಾತು ಮುಗಿದುಹೋಗುತ್ತದೆ. ಇನ್ನೊಂದು ದಾರಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ. ಅದಕ್ಕೆ ಕಾಲೇಜುಗಳಲ್ಲಿ 'ಕ್ರಿಟಿಕಲ್ ಇನ್‌ಫ್ರಾಸ್ಟ್ರಕ್ಚರ್ ಪ್ರೊಟೆಕ್ಷನ್' ಎಂಬ ಉದ್ದನೆಯ ಹೆಸರಿದೆ. ಅಣೆಕಟ್ಟು, ಕುಡಿಯುವ ನೀರು, ಕರೆಂಟು, ರೈಲು, ಫೋನು, ಬ್ಯಾಂಕು ಇವುಗಳಲ್ಲಿ ಒಂದು ನಿಂತರೂ ಊರಿಗೆ ಊರೇ ನಿಲ್ಲುತ್ತದೆ. ಅಂಥವನ್ನು ಕಾಯುವ ವಿದ್ಯೆ ಇದು. ಹೆಸರು ಹೊಸದಾದರೂ ಕೆಲಸ ನಮ್ಮ ಭಾಗಕ್ಕೆ ಹೊಸದಲ್ಲ. ಅದರ ಚರಿತ್ರೆಯನ್ನೇ ಮೊದಲು ನೋಡೋಣ.

ಕಾಯುವುದು ಎಂದ ತಕ್ಷಣ ನಮ್ಮ ಮಕ್ಕಳಿಗೆ ನೆನಪಾಗುವುದು ಕೋಟೆ. ಅದರಲ್ಲಿ ತಪ್ಪೇನಿಲ್ಲ, ನಾವಿರುವುದೇ ಬಾರಾಮಹಲಿನ ಪಕ್ಕದಲ್ಲಿ. ಮೈಸೂರಿನ ಬಯಲಿನಿಂದ ಕೆಳಗಿಳಿಯುವ ಕಣಿವೆ ದಾರಿಗಳನ್ನು ಹಿಡಿದಿಟ್ಟವು ಈ ಬೆಟ್ಟದ ಕೋಟೆಗಳು. 1791ರಲ್ಲಿ ಇಂಗ್ಲಿಷರು ಕೃಷ್ಣಗಿರಿ ಕೋಟೆಯ ಮೇಲೆ ನೇರವಾಗಿ ಏರಿಹೋಗಿ ಸೋತು ಹಿಂದಿರುಗಿದರು. ಆದರೆ ಮರುವರ್ಷವೇ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು ಅವರ ಕೈ ಸೇರಿತು. ಇದೆಲ್ಲ ಪಾಠದಲ್ಲಿ ಬರುತ್ತದೆ, ಪರೀಕ್ಷೆಯಲ್ಲೂ ಕೇಳುತ್ತಾರೆ. ಪಾಠದಲ್ಲಿ ಬಾರದ ಕಾವಲುಗಾರನೊಬ್ಬನಿದ್ದ, ಅವನೇ ನೀರುಗಂಟಿ.

ಹೊಸೂರು ಸೀಮೆಯಿಂದ ಕೋಲಾರದವರೆಗೆ ಬದುಕು ನಿಂತಿದ್ದೇ ಕೆರೆಗಳ ಮೇಲೆ. ಕೆರೆಗೆ ಏರಿ, ತೂಬು, ಕೋಡಿ ಇದ್ದ ಹಾಗೆ ಅದನ್ನು ನೋಡಿಕೊಳ್ಳಲು ಒಬ್ಬ ನೀರುಗಂಟಿಯೂ ಇದ್ದ. ತಮಿಳು ಊರುಗಳಲ್ಲಿ ಅವನನ್ನೇ ನೀರ್ಕಟ್ಟಿ ಎಂದರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ತೂಬನ್ನು ಯಾವಾಗ ಮುಚ್ಚಬೇಕು, ಮಳೆಗಾಲದ ರಾತ್ರಿ ಕೋಡಿಯಲ್ಲಿ ಎಷ್ಟು ನೀರು ಹೋದರೆ ಊರನ್ನು ಎಬ್ಬಿಸಬೇಕು, ಇದೆಲ್ಲ ಅವನಿಗೆ ಗೊತ್ತಿತ್ತು. ಏರಿಯ ಮೇಲೆ ಬೇರು ಬಿಟ್ಟ ಗಿಡ ಯಾವುದು, ಇಲಿ ಏಡಿ ಬಿಲ ತೋಡಿದ್ದೆಲ್ಲಿ ಎಂದು ದಿನಾ ನಡೆದು ನೋಡುತ್ತಿದ್ದ. ಏರಿಯ ಹಿಂಬದಿಯಲ್ಲಿ ತೇವ ಕಂಡರೆ ಅವನು ನೋಡುತ್ತಿದ್ದುದು ಒಸರುವ ನೀರಿನ ಬಣ್ಣವನ್ನು. ತಿಳಿನೀರಾದರೆ ಕಣ್ಣಿಟ್ಟಿದ್ದರೆ ಸಾಕು. ಕೆಂಪಗೆ, ಮಣ್ಣು ಬೆರೆತು ಬಂದರೆ ಒಳಗೆ ಏರಿ ಕೊರೆಯುತ್ತಿದೆ ಎಂದೇ ಅರ್ಥ, ಆಗ ತಡಮಾಡುವಂತಿಲ್ಲ. ಇಂದು ಅಣೆಕಟ್ಟು ಸುರಕ್ಷತೆಯ ತರಗತಿಯಲ್ಲಿ ಇದನ್ನೇ ಕಲಿಸುತ್ತಾರೆ. ಒಸರುವ ನೀರನ್ನು ಅಳೆಯಲು ಅವರಲ್ಲಿ ಉಪಕರಣಗಳಿವೆ, ಅಷ್ಟೇ ವ್ಯತ್ಯಾಸ.

ಕೆರೆ ಕಾಯುವುದಕ್ಕೆ ದುಡ್ಡು ಬೇಕೆಂಬುದು ಹಿಂದಿನವರಿಗೆ ಚೆನ್ನಾಗಿ ತಿಳಿದಿತ್ತು. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವರಿಗೆ, ಅದನ್ನು ಸುಸ್ಥಿತಿಯಲ್ಲಿ ಇಡುವವರಿಗೆ ಬಿಟ್ಟುಕೊಟ್ಟ ಜಮೀನಿನ ಲೆಕ್ಕ ಅದು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಹಲವು ಊರುಗಳಲ್ಲಿ ನೀರುಗಂಟಿಕೆ ದಲಿತ ಕುಟುಂಬಗಳ ಪಾಲಿಗೆ ಬಂದ ಕೆಲಸವಾಗಿತ್ತು. ಊರಿನ ಪ್ರಾಣವನ್ನೇ ಅವರ ಕೈಗೆ ಕೊಟ್ಟ ಊರು ಅವರ ತಿಳಿವಳಿಕೆಯನ್ನು ವಿದ್ಯೆ ಎಂದು ಎಣಿಸಲಿಲ್ಲ, ಬರೆದಿಡಲೂ ಇಲ್ಲ. ಆಮೇಲೆ ಕಂಪನಿ ಸರ್ಕಾರ ಬಂತು, ಕೆರೆಗಳು ಇಲಾಖೆಗೆ ಸೇರಿದವು. ಊರವರು ಕೂಡಿ ಮಾಡುತ್ತಿದ್ದ ದುರಸ್ತಿ ನಿಂತುಹೋಗುವುದನ್ನು ಕಂಡು 1858ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕಡ್ಡಾಯ ಶ್ರಮದ ಕಾಯ್ದೆಯನ್ನೇ ತಂದರು. ಹಕ್ಕನ್ನು ಕಿತ್ತುಕೊಂಡು ದುಡಿಮೆಯನ್ನು ಮಾತ್ರ ಕಡ್ಡಾಯ ಮಾಡಿದರೆ ಯಾರು ಮನಸ್ಸಿಟ್ಟು ಮಾಡುತ್ತಾರೆ?

ಕೆರೆಯ ಮಾತಾಯಿತು, ಇನ್ನು ಕರೆಂಟಿಗೆ ಬರೋಣ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ದೂರ 92 ಮೈಲಿ, ಅಂದರೆ ಸುಮಾರು 147 ಕಿ.ಮೀ. ಒತ್ತಡ 35,000 ವೋಲ್ಟ್. ಅಷ್ಟು ದೂರ ಕರೆಂಟು ಸಾಗಿಸುವುದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವಂಥ ಸಾಹಸ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಸಕ್ತಿ, ಇಂಜಿನಿಯರ್ ಡಿ ಲಾಟ್‌ಬಿನಿಯರ್ ಅವರ ಯೋಜನೆ. ಬೆಂಗಳೂರಿಗೆ ದೀಪ ಬಂದದ್ದೇ ಮೂರು ವರ್ಷದ ಮೇಲೆ, 1905ರಲ್ಲಿ. ಆಗ ಹೊಸೂರು, ಕೃಷ್ಣಗಿರಿಗಳು ಸೇಲಂ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆಯಿಂದಲೂ ಉತ್ತರ ಆರ್ಕಾಟಿನಿಂದಲೂ ಎಷ್ಟೋ ಸಂಸಾರಗಳು ಗಣಿ ಕೆಲಸಕ್ಕೆ ಹೋಗಿದ್ದವು. ಗಣಿಯಲ್ಲಿ ಪಂಪು ನಿಂತರೆ ಆಳದಲ್ಲಿ ನೀರು ಏರುತ್ತದೆ. ಹಾಗಾಗಿ 147 ಕಿ.ಮೀ. ಉದ್ದದ ಆ ತಂತಿಯಲ್ಲಿ ಎಲ್ಲೋ ಒಂದು ಮರದ ಕೊಂಬೆ ಬಿದ್ದರೂ ಅದರ ಬಿಸಿ ನೆಲದಡಿ ದುಡಿಯುವವರಿಗೆ ತಟ್ಟುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದಕ್ಕೆ ಮಂಡ್ಯದ ಗದ್ದೆಗಳ ಜೊತೆಗೆ ಇದೂ ಒಂದು ಕಾರಣ.

ಸುಮಾರು ನೂರು ವರ್ಷದ ಮೇಲೆ, 2003ರ ಹೊತ್ತಿಗೆ, ಒಡಿಶಾದ ತಾಲ್ಚೇರ್‌ನಿಂದ ಸುಮಾರು 1,450 ಕಿ.ಮೀ. ಉದ್ದದ ಇನ್ನೊಂದು ದೊಡ್ಡ ತಂತಿ ಬಂದು ಕೊನೆಗೊಂಡದ್ದೂ ಕೋಲಾರದಲ್ಲೇ. ಅಲ್ಲಿಂದ 400 ಕಿಲೋವೋಲ್ಟ್ ಮಾರ್ಗ ನಮ್ಮ ಹೊಸೂರಿಗೂ ಬಂದಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತವೆಲ್ಲ ಕತ್ತಲಾದಾಗ ನಮಗೆ ತೊಂದರೆಯಾಗಲಿಲ್ಲ, ದಕ್ಷಿಣದ ಗ್ರಿಡ್ ಆಗ ಉಳಿದದ್ದರ ಜೊತೆ ಒಂದೇ ಲಯದಲ್ಲಿ ಬೆಸೆದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಅದನ್ನೂ ಬೆಸೆಯಿತು. ಈಗ ಕಷ್ಟಕ್ಕೆ ಒಬ್ಬರಿಗೊಬ್ಬರು ಆಗುತ್ತೇವೆ, ಒಬ್ಬರ ಕಷ್ಟ ಇನ್ನೊಬ್ಬರಿಗೂ ಬರಬಹುದು. ಒಟ್ಟು ಕುಟುಂಬ ಇದ್ದ ಹಾಗೆ!

ಇನ್ನು ನಮ್ಮ ಹೊಳೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ದಾಟಿ, ಗಡಿ ದಾಟಿ, ಕೆಲವರಪಲ್ಲಿ ಜಲಾಶಯಕ್ಕೆ ಬರುವಾಗ ತೆನ್‌ಪೆಣ್ಣೈ ಆಗುತ್ತದೆ. ಮುಂದೆ ಕೃಷ್ಣಗಿರಿ ಅಣೆಕಟ್ಟು, ಅದರ ಮುಂದೆ ಸಾತ್ತನೂರು, ಆಮೇಲೆ ಕಡಲೂರಿನ ಬಳಿ ಸಮುದ್ರ. ಕೃಷ್ಣಗಿರಿ ಅಣೆಕಟ್ಟು 1950ರ ದಶಕದಲ್ಲಿ, ಕಾಮರಾಜರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಎದ್ದದ್ದು. 2017ರ ನವೆಂಬರ್ 29ರಂದು ಅದರ ಎಂಟು ಷಟರುಗಳಲ್ಲಿ ಒಂದು ಮುರಿಯಿತು. ಕಟ್ಟೆ ತುಂಬಿದ್ದ ಕಾಲ, ನೀರು ತಡೆಯಿಲ್ಲದೆ ನುಗ್ಗಿತು. ಕೆಳಗಿನ ಜಿಲ್ಲೆಗಳಿಗೆಲ್ಲ ಎಚ್ಚರಿಕೆ ಹೋಯಿತು. ಯಾವ ಶತ್ರುವೂ ಬಂದು ಒಡೆದದ್ದಲ್ಲ. ಅರವತ್ತು ವರ್ಷ ನೀರಿಗೆ ಎದೆ ಕೊಟ್ಟ ಕಬ್ಬಿಣ ಸೋತಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಹರಿಯುವ ನೀರಿನಲ್ಲೇ ತಡೆ ಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಹರಿವು ನಿಲ್ಲಿಸಿದರು. ಆ ಕೆಲಸಕ್ಕೆ ದಾರಿ ತೋರಿಸಿದವರು ಕನ್ನಯ್ಯ ನಾಯ್ಡು ಎಂಬ ನಿವೃತ್ತ ಗೇಟು ತಜ್ಞರು. ಅವರಿಗೆ ನಮಸ್ಕಾರ. ಆದರೆ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಅಷ್ಟು ದೊಡ್ಡ ಅಣೆಕಟ್ಟಿಗೆ ಆಪತ್ತು ಬಂದಾಗ ನಿವೃತ್ತರನ್ನೇ ಕರೆಯಬೇಕಾಯಿತು ಎಂದರೆ, ಅವರ ತಲೆಯಲ್ಲಿರುವುದನ್ನು ಕಲಿಯುತ್ತಿರುವ ಹುಡುಗ ಹುಡುಗಿಯರು ಎಷ್ಟು ಮಂದಿ? ನೀರುಗಂಟಿಯ ವಿದ್ಯೆ ಕಳೆದುಹೋದ ಹಾಗೆಯೇ ಇದೂ ಕಳೆದುಹೋದರೆ?

ಅದೇ ವರ್ಷ ಡಿಸೆಂಬರ್ ಮೊದಲ ದಿನಗಳಲ್ಲಿ ಫೆಂಗಲ್ ಚಂಡಮಾರುತದ ಮಳೆ ಸುರಿಯಿತು. ನಮ್ಮ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನದಲ್ಲಿ 50 ಸೆಂ.ಮೀ. ಸಾತ್ತನೂರಿನಿಂದ ನಡುರಾತ್ರಿ ಬಿಟ್ಟ ನೀರು ವಿಲ್ಲುಪುರಂ, ಕಡಲೂರು ಕಡೆಯ ಊರುಗಳನ್ನು ಮುಳುಗಿಸಿತು. ಎಚ್ಚರಿಕೆ ಸಕಾಲಕ್ಕೆ ತಲುಪಿತೇ ಇಲ್ಲವೇ ಎಂದು ವಿಧಾನಸಭೆಯಲ್ಲಿ ವಾದ ನಡೆಯಿತು. ಕೋಡಿ ನೋಡಿ ಊರನ್ನು ಎಬ್ಬಿಸುತ್ತಿದ್ದವನ ಕೆಲಸವೇ ಅಲ್ಲವೇ ಇದು?

ಕಂಪ್ಯೂಟರ್ ಇಷ್ಟಪಡುವ ಮಕ್ಕಳಿಗೂ ಇಲ್ಲಿ ಜಾಗವಿದೆ. ಈಗ ಗೇಟು, ಪಂಪು, ಸ್ವಿಚ್ಚುಗಳನ್ನು ದೂರದಿಂದಲೇ ಆಡಿಸುತ್ತಾರೆ. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿದ್ಯುತ್ ಕಂಪನಿಗಳ ಕಂಪ್ಯೂಟರಿಗೆ ಕಳ್ಳರು ನುಗ್ಗಿ ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟು ತೆಗೆದರು. ಅಲ್ಲಿನ ನೌಕರರು ಸಬ್‌ಸ್ಟೇಷನ್ನುಗಳಿಗೆ ಓಡಿ ಕೈಯಿಂದಲೇ ಸ್ವಿಚ್ಚು ಹಾಕಿ ಕೆಲವೇ ಗಂಟೆಗಳಲ್ಲಿ ದೀಪ ಹೊತ್ತಿಸಿದರು. ನಮ್ಮ ತಮಿಳುನಾಡಿನ ಕೂಡಂಕುಳಂನಲ್ಲೂ 2019ರಲ್ಲಿ ಆಡಳಿತ ವಿಭಾಗದ ಕಂಪ್ಯೂಟರೊಂದರಲ್ಲಿ ಕೆಟ್ಟ ತಂತ್ರಾಂಶ ಪತ್ತೆಯಾಯಿತು. ಸ್ಥಾವರ ನಡೆಸುವ ಯಂತ್ರಗಳ ಜಾಲ ಬೇರೆಯಾಗಿದ್ದುದರಿಂದ ಅದಕ್ಕೆ ತಗುಲಲಿಲ್ಲ. ಇಂಥ ಜಾಲಗಳನ್ನು ಕಾಯಲೆಂದೇ ಕೇಂದ್ರ ಸರ್ಕಾರ 2014ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ತೆರೆದಿದೆ.

ಇನ್ನು ಓದಿನ ವಿಷಯ. ಪ್ಲಸ್ ಟೂ ಮುಗಿಸಿದವರು ಪ್ರಾಸ್ಪೆಕ್ಟಸ್‌ನಲ್ಲಿ ಆ ಉದ್ದನೆಯ ಹೆಸರಿನ ಪದವಿಯನ್ನೇ ಹುಡುಕುತ್ತಾ ಕೂರಬೇಡಿ. ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಕಂಪ್ಯೂಟರ್, ಯಾವುದಾದರೂ ಒಂದರಲ್ಲಿ ಬುನಾದಿ ಗಟ್ಟಿಯಾಗಬೇಕು. ಹತ್ತಾದ ಮೇಲೆ ಪಾಲಿಟೆಕ್ನಿಕ್ ಕೂಡ ಒಳ್ಳೆಯ ದಾರಿ. ನಮ್ಮ ಜಿಲ್ಲೆಯ ಬರಗೂರಿನಲ್ಲಿ 1994ರಿಂದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. 6ರಿಂದ 12ರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಇಂಜಿನಿಯರಿಂಗ್ ಸೀಟುಗಳಲ್ಲಿ 7.5 ಶೇಕಡಾ ಮೀಸಲಾತಿ 2021ರಲ್ಲಿ ಬಂದಿದೆ, ಇದನ್ನು ಮರೆಯಬೇಡಿ. ಪದವಿಯ ಮೇಲೆ ಗೇಟ್ ಪರೀಕ್ಷೆ ಬರೆದರೆ ರೂರ್ಕಿ ಐಐಟಿಯಲ್ಲಿ ಅಣೆಕಟ್ಟು ಸುರಕ್ಷತೆಯಲ್ಲೇ ಎಂ.ಟೆಕ್. ಇದೆ. ಕಾನ್ಪುರ ಐಐಟಿಯಲ್ಲಿ ಇಂಥ ಯಂತ್ರಜಾಲಗಳ ಸೈಬರ್ ಭದ್ರತೆಗೆಂದೇ ಕೇಂದ್ರವಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ದೊಡ್ಡ ಅಣೆಕಟ್ಟುಗಳನ್ನು ಮಳೆಗಾಲದ ಮುಂಚೆಯೂ ಆಮೇಲೆಯೂ ತಪಾಸಣೆ ಮಾಡಲೇಬೇಕು, ಆಪತ್ತಿನ ಯೋಜನೆ ಬರೆದಿಡಬೇಕು. ಅದಕ್ಕೆಲ್ಲ ಜನ ಬೇಕೇ ಬೇಕು. ದಕ್ಷಿಣದ ಗ್ರಿಡ್ ನೋಡಿಕೊಳ್ಳುವ ಕೇಂದ್ರ ಇರುವುದೂ, 1960ರಿಂದ ವಿದ್ಯುತ್ ಸಂಶೋಧನಾ ಸಂಸ್ಥೆ ಇರುವುದೂ ಬೆಂಗಳೂರಿನಲ್ಲೇ, ಹೊಸೂರಿನಿಂದ ಒಂದು ಬಸ್ಸಿನ ದೂರ.

ಇಂಜಿನಿಯರಿಂಗ್ ಬೇಡವೆನ್ನುವವರಿಗೆ 1969ರಲ್ಲಿ ಹುಟ್ಟಿದ ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಇದೆ. ವಿಮಾನ ನಿಲ್ದಾಣ, ಅಣು ಸ್ಥಾವರಗಳ ಕಾವಲು ಅವರದು. ಅದೂ ಸೇರಿದಂತೆ ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ನಡೆಸಿದ್ದಾರೆ. ನಮ್ಮ ಮಕ್ಕಳು ಕನ್ನಡದಲ್ಲೇ ಬರೆಯಬಹುದು ಎಂಬ ಸುದ್ದಿ ಇನ್ನೂ ಎಷ್ಟೋ ಮನೆಗಳಿಗೆ ಮುಟ್ಟಿಲ್ಲ. ತಮಿಳುನಾಡು ಸರ್ಕಾರದ ಹುದ್ದೆಗಳಿಗೆ ಮಾತ್ರ ತಮಿಳು ಪತ್ರಿಕೆ ಪಾಸಾಗುವುದು ಕಡ್ಡಾಯ, 2021ರ ಕೊನೆಯಲ್ಲಿ ಆ ಆದೇಶ ಬಂತು. ಹಾಗಾಗಿ ತಮಿಳನ್ನು ಓದಲು ಬರೆಯಲು ಚೆನ್ನಾಗಿ ಕಲಿಯಿರಿ ಎಂದು ನಾವು ತರಗತಿಯಲ್ಲಿ ಹೇಳುತ್ತಲೇ ಇರುತ್ತೇವೆ. ಹೊಸಕೋಟೆಯ ಕಡೆ ಮಳೆ ಹೆಚ್ಚಾದಾಗ ಆ ಸುದ್ದಿಯನ್ನು ಕನ್ನಡದಲ್ಲಿ ಕೇಳಿ ಕೆಲವರಪಲ್ಲಿಯ ಕೆಳಗಿನ ಊರುಗಳಿಗೆ ತಮಿಳಿನಲ್ಲೂ ತೆಲುಗಿನಲ್ಲೂ ಮುಟ್ಟಿಸಬಲ್ಲವರು ಯಾರು ಎಂದು ಕೇಳಿದರೆ, ನಮ್ಮ ಶಾಲೆಗಳ ಒಂಬತ್ತನೇ ತರಗತಿಯಲ್ಲೇ ಅರ್ಧಕ್ಕರ್ಧ ಮಕ್ಕಳು ಕೈ ಎತ್ತುತ್ತಾರೆ.